ಎರಡು ಹರವಿಗಳೂ ಒಂದು ವಿಜ್ಞಾನ ಮೇಳವೂ

ದೀಪಾವಳಿಯ ಹಣತೆಗಳನ್ನು ತೆಗೆದಿಡುವ ಹೊತ್ತಿಗೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಇನ್ನೊಂದು ಸಡಗರ ಮೊದಲಾಗುತ್ತದೆ. ವಿಜ್ಞಾನ ಮೇಳಕ್ಕೆ ಹೆಸರು ಕೊಡತಕ್ಕದ್ದೆಂದು ಶಾಲೆಯಿಂದ ಚೀಟಿ ಬರುತ್ತದೆ. ಅಂದಿನಿಂದ ಥರ್ಮೋಕೋಲು, ಬಣ್ಣದ ಕಾಗದ, ಅಂಟು, ಬ್ಯಾಟರಿಗಳ ಬೇಟೆ. ಮಗು ಮಲಗಿದ ಮೇಲೆ ತಂದೆ ಜ್ವಾಲಾಮುಖಿ ಕಟ್ಟುತ್ತಾನೆ. ತಾಯಿ ಅದಕ್ಕೆ ಬಣ್ಣ ಬಳಿಯುತ್ತಾಳೆ. ಇಷ್ಟಕ್ಕೂ ಪುರುಸೊತ್ತಿಲ್ಲದವರಿಗೆ ದುಡ್ಡು ಕೊಟ್ಟರೆ ಮಾದರಿ ಮಾಡಿಕೊಡುವ ಅಂಗಡಿಗಳೂ ಈ ಮುಂಬಯಿಯಲ್ಲಿ ಇವೆ. ಮಗು ಮಾತ್ರ ಮೇಳದ ಮುಂಜಾನೆ ಯಾರೋ ಬರೆದುಕೊಟ್ಟ ನಾಲ್ಕು ಸಾಲುಗಳನ್ನು ಬಾಯಿಪಾಠ ಮಾಡುತ್ತ ಬಸ್ಸು ಹತ್ತುತ್ತದೆ.

ನಾವೂ ಈ ಗುಂಪಿನವರೇ. ಹಿರಿಯ ಮಗನ ಕಾಲದಲ್ಲಿ ನಾವು ಕಟ್ಟಿದ ಪವನಚಕ್ಕಿ ಒಂದು ಬಹುಮಾನವನ್ನೂ ಗಳಿಸಿತ್ತು. ಅದು ಹೇಗೆ ತಿರುಗುತ್ತದೆಂದು ಅವನಿಗೆ ಇಂದಿಗೂ ಗೊತ್ತಿಲ್ಲ! ಕಳೆದ ವರ್ಷ ನಮ್ಮ ಎರಡನೆಯವಳ ಸರದಿ ಬಂದಾಗ ಕಥೆ ಬೇರೆಯಾಯಿತು. ಅದರಲ್ಲಿ ನಮ್ಮ ಹಿರಿಮೆ ಏನೂ ಇಲ್ಲ. ಇದ್ದದ್ದು ಅಜ್ಜಿಯ ಒಂದು ಗೊಣಗಾಟ, ಹುಡುಗಿಯ ಒಂದು ಪ್ರಶ್ನೆ. ನಮ್ಮ ಪಾಲಿಗೆ ಬಂದದ್ದು ಒಂದು ತಪ್ಪು ಮಾತ್ರ. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಏಪ್ರಿಲ್ ತಿಂಗಳು. ಧಾರಾವಿಯ ಕುಂಭಾರವಾಡೆಯಿಂದ ನೀರಿಗೆಂದು ಹೊಸ ಮಡಕೆ ತಂದಿದ್ದೆವು. ಒಂದು ಲೋಟ ಕುಡಿದ ಅಜ್ಜಿ ಮುಖ ಸಿಂಡರಿಸಿದರು. "ನಮ್ಮ ಗದಗಿನ ಹರವಿ ನೀರು ಕುಡದ್ರ ಎದಿ ತಣ್ಣಗಾಗತಿತ್ತು. ಈ ಊರಾಗಿನ ಮಡಕಿ ಹೆಸರಿಗಷ್ಟ ಮಡಕಿ. ಹರವಿ ಅಂದಮ್ಯಾಲೆ ಬೆವರಬೇಕು, ಅಂದ್ರನ ನೀರು ತಣ್ಣಗಾಕ್ಕಾವು."

ಎಂಟನೆಯ ಇಯತ್ತೆಯ ನಮ್ಮ ಹುಡುಗಿ ಪುಸ್ತಕದಿಂದ ತಲೆ ಎತ್ತಿ, "ಅಜ್ಜಿ, ತಪ್ಪು ಮಡಕೀದೋ ಮುಂಬಯೀದೋ? ಹೆಂಗ ಗೊತ್ತಾಗಬೇಕು?" ಎಂದಳು.

ನಾವು ನಕ್ಕು ಸುಮ್ಮನಾದೆವು. ಅವಳು ಸುಮ್ಮನಾಗಲಿಲ್ಲ. ಮರುದಿನ ಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯವರನ್ನು ಕೇಳಿದಳು. ಅವರು ಉತ್ತರ ಹೇಳದೆ ಒಂದು ನೋಟುಬುಕ್ಕು ಕೊಟ್ಟು, "ಒಂದು ಸಲಕ್ಕೆ ಒಂದನ್ನೇ ಬದಲಿಸು, ಉಳಿದದ್ದೆಲ್ಲ ಇದ್ದ ಹಾಗೇ ಇರಲಿ. ನೋಡಿದ್ದನ್ನೆಲ್ಲ ಬರೆ, ಬರೆದದ್ದನ್ನು ಅಳಿಸಬೇಡ" ಎಂದರಂತೆ. ವಿಜ್ಞಾನದ ಅರ್ಧ ಶಾಸ್ತ್ರ ಈ ಎರಡು ಮಾತುಗಳಲ್ಲಿ ಅಡಗಿದೆಯೆಂದು ನಮಗೆ ಆಗ ತಿಳಿಯಲಿಲ್ಲ.

ಮೇ ತಿಂಗಳಲ್ಲಿ ರಜೆಗೆ ಊರಿಗೆ ಹೊರಟೆವು. ಜನ ಮುಂಬಯಿಯಿಂದ ಊರಿಗೆ ಸೀರೆ, ಮಿಠಾಯಿ ಒಯ್ಯುತ್ತಾರೆ. ನಮ್ಮ ಹುಡುಗಿ ಅಜ್ಜಿಯ ಹಳೆಯ ಸೀರೆಯಲ್ಲಿ ಸುತ್ತಿದ ಮಡಕೆಯನ್ನು ಇಡೀ ರಾತ್ರಿ ತೊಡೆಯ ಮೇಲೆ ಇಟ್ಟುಕೊಂಡು ಗದಗಿಗೆ ಬಂದಳು. ಅಲ್ಲಿಯ ಸಂತೆಯಲ್ಲಿ ಅಷ್ಟೇ ಅಳತೆಯ ಒಂದು ಹರವಿ ಕೊಂಡದ್ದಾಯಿತು. ಎರಡನ್ನೂ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಪಡಸಾಲೆಯ ನೆರಳಿನಲ್ಲಿ ಅಕ್ಕಪಕ್ಕ ಇಟ್ಟಳು. ಜೊತೆಗೆ ಒಂದು ಸ್ಟೀಲಿನ ಕೊಡ. ಮೂರರಲ್ಲೂ ನಾಲ್ಕು ನಾಲ್ಕು ಲೀಟರ್ ನೀರು. ದಿನಾಲು ಸಂಜೆ 4 ಗಂಟೆಗೆ ಉಷ್ಣಮಾಪಕ ಅದ್ದಿ ನೋಡುವುದು. ಗೋಡೆಗೆ ಇನ್ನೆರಡು ಉಷ್ಣಮಾಪಕಗಳು: ಒಂದು ಹಾಗೆಯೇ ಒಣಗಿದ್ದು, ಇನ್ನೊಂದರ ಬುಡಕ್ಕೆ ಒದ್ದೆಯ ಬಟ್ಟೆ ಸುತ್ತಿದ್ದು. ಗಾಳಿ ಎಷ್ಟು ಒಣಗಿದೆಯೋ ಅಷ್ಟು ಇವೆರಡರ ಅಂತರ ಹೆಚ್ಚು.

ಇದರ ಹಿಂದಿನ ತತ್ವ ಸರಳ. ಹರವಿಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳಿಂದ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಅಜ್ಜಿ ಬೆವರು ಎಂದದ್ದು ಇದನ್ನೇ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖ ಬಹುಮಟ್ಟಿಗೆ ಒಳಗಿನ ನೀರಿನಿಂದಲೇ ಹೋಗಬೇಕು. 58 ಗ್ರಾಂ ನೀರನ್ನು 10 ಡಿಗ್ರಿ ತಣಿಸಲು ಒಂದು ಗ್ರಾಂ ಬೆವರು ಸಾಕು. ಆದರೆ ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರುವುದೆಲ್ಲಿ? ಒದ್ದೆ ಬಟ್ಟೆಯ ಉಷ್ಣಮಾಪಕ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದಕ್ಕಿಂತ ಕೆಳಗೆ ಹರವಿಯ ನೀರೂ ಇಳಿಯಲಾರದು.

ಗದಗಿನಲ್ಲಿ ಹತ್ತು ದಿನ ಬರೆದದ್ದಾಯಿತು. ಗಾಳಿ 38 ಡಿಗ್ರಿಯ ಸುಮಾರು, ಒದ್ದೆ ಬಟ್ಟೆಯದು 24. ಊರಿನ ಹರವಿಯ ನೀರು 28. ಮುಂಬಯಿಯ ಮಡಕೆಯದೂ 28! ಸ್ಟೀಲಿನ ಕೊಡ ಮಾತ್ರ ಗಾಳಿಯ ಬಿಸಿಯನ್ನೇ ಹಿಡಿದುಕೊಂಡು ಕುಳಿತಿತ್ತು. ಜೂನ್ ಮೊದಲ ವಾರದಲ್ಲಿ ಎರಡು ಮಣ್ಣಿನ ಪಾತ್ರೆಗಳನ್ನೂ ಹೊತ್ತುಕೊಂಡು ಮುಂಬಯಿಗೆ ಮರಳಿದೆವು. ಇಲ್ಲಿ ಗಾಳಿ 33, ಒದ್ದೆ ಬಟ್ಟೆಯದು 29, ಎರಡರ ನೀರೂ 30. ಗದಗಿನಲ್ಲಿ 10 ಡಿಗ್ರಿ ತಣಿಸಿದ ಹರವಿ ಇಲ್ಲಿ 3 ಡಿಗ್ರಿ ತಣಿಸುವಷ್ಟರಲ್ಲಿ ಸೋತಿತ್ತು. ತಪ್ಪು ಮಡಕೆಯದಲ್ಲ.

ಇನ್ನು ನಮ್ಮ ತಪ್ಪಿನ ಮಾತು. ಡಿಸೆಂಬರಿನಲ್ಲಿ ಮೊದಲ ಸುತ್ತಿನ ಮೇಳಕ್ಕೆ ನಕ್ಷೆ ಬರೆಯುವಾಗ ಗದಗಿನ ಆರನೆಯ ದಿನದ ಅಂಕಿ ಉಳಿದವಕ್ಕೆ ಹೊಂದುತ್ತಿರಲಿಲ್ಲ. ಅಂದು ನೀರು ಗಾಳಿಗಿಂತ ಬರೀ 2 ಡಿಗ್ರಿ ತಣ್ಣಗಿತ್ತು. ಸಾಲಾಗಿ ನಿಂತ ಒಂಬತ್ತು ಚುಕ್ಕೆಗಳ ನಡುವೆ ಅದೊಂದು ಹೊಂಡಕ್ಕೆ ಬಿದ್ದಂತೆ ಕಾಣುತ್ತಿತ್ತು. "ಎಲ್ಲೋ ಓದುವಾಗ ತಪ್ಪಿದ್ದೀ. ಬಿಟ್ಟುಬಿಡು, ನೋಡಲಿಕ್ಕೆ ಚೆಂದ ಇರುವುದಿಲ್ಲ" ಎಂದು ನಮ್ಮಲ್ಲೊಬ್ಬರು ಹೇಳಿದೆವು, ಇನ್ನೊಬ್ಬರು ತಲೆಯಾಡಿಸಿದೆವು. ಹುಡುಗಿ ಒಂದು ಗಳಿಗೆ ಪೆನ್ಸಿಲ್ ಕಚ್ಚುತ್ತ ಕುಳಿತಳು. ಆಮೇಲೆ ಆ ಚುಕ್ಕೆಯನ್ನು ಬಿಟ್ಟು ಗೆರೆ ಎಳೆದಳು.

ಮೇಳದ ದಿನ ಪಾಲಕರನ್ನು ಹಗ್ಗದಾಚೆ ನಿಲ್ಲಿಸಿದ್ದರು. ನಿರ್ಣಾಯಕರಲ್ಲಿ ಒಬ್ಬ ಹಿರಿಯ ಮಹಿಳೆ ನಕ್ಷೆಯನ್ನು ನೋಡಿ ಮೆಚ್ಚಿ, ನೋಟುಬುಕ್ಕು ಕೈಗೆತ್ತಿಕೊಂಡರು. ಪುಟ ತಿರುವಿದರು. ಬೆರಳು ಮಡಿಸಿ ಎಣಿಸಿದರು.

"ಇಲ್ಲಿ ಹತ್ತು ದಿನ ಬರೆದಿರುವೆ. ನಕ್ಷೆಯಲ್ಲಿ ಒಂಬತ್ತೇ ಚುಕ್ಕೆಗಳಿವೆ. ಆರನೆಯ ದಿನ ಎಲ್ಲಿ ಹೋಯಿತು?"

ಹುಡುಗಿ ಹಗ್ಗದಾಚೆ ನಮ್ಮ ಕಡೆ ನೋಡಿದಳು. ನಾವು ನೆಲ ನೋಡಿದೆವು.

"ಅದು ಉಳಿದವಕ್ಕೆ ಹೊಂದಲಿಲ್ಲ. ತೆಗೆದೆವು" ಎಂದಳು.

ಅಪ್ಪ ಅವ್ವ ತೆಗೆಸಿದರು ಎನ್ನಬಹುದಿತ್ತು. ಅದು ನಿಜವೂ ಆಗುತ್ತಿತ್ತು. "ತೆಗೆದೆವು" ಎಂಬ ಆ ಒಂದು ಮಾತಿನಲ್ಲಿ ನಮ್ಮ ತಪ್ಪಿನ ಭಾರವನ್ನು ಹದಿಮೂರು ವರ್ಷದ ಹುಡುಗಿ ತನ್ನ ತಲೆಯ ಮೇಲೂ ಹೊತ್ತುಕೊಂಡಳು. ಅಂದಿನ ನಾಚಿಕೆಯನ್ನು ನಾವು ಬೇಗ ಮರೆಯುವಂತಿಲ್ಲ.

ಆ ತಾಯಿ ಗದರಲಿಲ್ಲ. "ಹೊಂದದ ಅಂಕಿ ಇದೆಯಲ್ಲ, ಮೊದಲು ಅದನ್ನೇ ನೋಡಬೇಕು. ಅಂದು ಏನಾಗಿತ್ತು?" ಎಂದು ಪುಟವನ್ನು ಅವಳ ಮುಂದೆ ಹಿಡಿದರು. ಪುಟದ ಅಂಚಿನಲ್ಲಿ ಅವಳದೇ ಅಕ್ಷರ: 'ಮಧ್ಯಾಹ್ನ 2ಕ್ಕೆ ಅಡ್ಡಮಳೆ'. ಒಣ ಉಷ್ಣಮಾಪಕ 30, ಒದ್ದೆಯದು 27. ಓದುತ್ತ ಓದುತ್ತ ಹುಡುಗಿ ನಡುವೆಯೇ ನಿಂತಳು. ಮುಖದ ಬಣ್ಣ ಬದಲಾಯಿತು. "ಅಂದು ಗದಗಿನ ಗಾಳಿ ಮುಂಬಯಿಯ ಗಾಳಿಯಂತೆ ಆಗಿತ್ತು!" ಎಂದಳು.

ಅದೇ ಊರು, ಅದೇ ಹರವಿ. ಬದಲಾದದ್ದು ಮುಖ್ಯವಾಗಿ ಗಾಳಿ. ಅವಳ ಪ್ರಶ್ನೆಗೆ ಅದಕ್ಕಿಂತ ಬಲವಾದ ಸಾಕ್ಷಿ ಇಡೀ ನೋಟುಬುಕ್ಕಿನಲ್ಲಿ ಬೇರೊಂದಿರಲಿಲ್ಲ. ಅದನ್ನೇ ನಾವು ಚೆಂದ ಕಾಣುವುದಿಲ್ಲವೆಂದು ಕಸಕ್ಕೆ ಹಾಕಿದ್ದೆವು.

ಅವಳನ್ನು ವಿಭಾಗ ಮಟ್ಟದ ಮೇಳಕ್ಕೆ ಆರಿಸಿದರು. ಜನವರಿಯಲ್ಲಿ ಹೊಸ ನಕ್ಷೆ ಬರೆದಳು. ದಿನಗಳ ಬದಲಿಗೆ ಒಣ ಮತ್ತು ಒದ್ದೆ ಉಷ್ಣಮಾಪಕಗಳ ಅಂತರವನ್ನು ಒಂದು ಬದಿಗೆ, ನೀರು ತಣಿದ ಪ್ರಮಾಣವನ್ನು ಇನ್ನೊಂದು ಬದಿಗೆ ಇಟ್ಟಳು. ಎರಡೂ ಊರಿನ ಚುಕ್ಕೆಗಳು ಒಂದೇ ಗೆರೆಯ ಸುತ್ತ ಬಂದು ಕುಳಿತವು. ಮಳೆಯ ದಿನದ ಚುಕ್ಕೆ ಮುಂಬಯಿಯ ಗುಂಪಿನ ಹತ್ತಿರ ನೆಂಟನಂತೆ ಹೋಗಿ ನಿಂತಿತು. ಹಲಗೆಯ ತಲೆಗೆ ಅಜ್ಜಿಯ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದಳು: 'ಹರವಿ ಬೆವರಬೇಕು'. ಕೆಳಗೆ ಇಂಗ್ಲಿಷಿನಲ್ಲಿ ಅದರ ಅರ್ಥ. ಬಂದವರೆಲ್ಲ, ಇದು ಯಾವ ಭಾಷೆ, ಏನೆಂದು ಓದಬೇಕು ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಬಹುಮಾನ ಬರಲಿಲ್ಲ. ಭಾಗವಹಿಸಿದ್ದಕ್ಕೆ ಒಂದು ಪ್ರಮಾಣಪತ್ರ ಬಂತು. ಗಾಳಿ ಬೀಸುವ ಕಿಟಕಿಯಲ್ಲಿಟ್ಟರೆ ಏನಾಗುತ್ತದೆಂದು ಒಬ್ಬ ನಿರ್ಣಾಯಕರು ಕೇಳಿದಾಗ "ಅಳೆದಿಲ್ಲ" ಎಂದಳಂತೆ. ಊಹಿಸಿ ಏನಾದರೂ ಹೇಳಬಾರದಿತ್ತೇ ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ನುಂಗಿಕೊಂಡೆವು.

ಇಂಥ ಮೇಳಗಳಿಗೆ ಒಂದು ಇತಿಹಾಸವಿದೆ. ಅಮೆರಿಕದ ಫಿಲಡೆಲ್ಫಿಯದಲ್ಲಿ 1950ರಲ್ಲಿ 30 ಮಂದಿ ವಿದ್ಯಾರ್ಥಿಗಳು ಕೂಡಿದ ಮೇಳವೇ ಮುಂದೆ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳವಾಗಿ ಬೆಳೆಯಿತು. ನಮ್ಮ ದೇಶದಲ್ಲಿ ಎನ್.ಸಿ.ಇ.ಆರ್.ಟಿ. ಸಂಸ್ಥೆ ಮಕ್ಕಳ ರಾಷ್ಟ್ರೀಯ ವಿಜ್ಞಾನ ಪ್ರದರ್ಶನವನ್ನು 1971ರಲ್ಲಿ ಆರಂಭಿಸಿತು. ಮುಂಬಯಿ ವರಳಿಯ ನೆಹರೂ ವಿಜ್ಞಾನ ಕೇಂದ್ರವೂ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೂ ಪಶ್ಚಿಮ ಹಾಗೂ ದಕ್ಷಿಣ ಭಾರತದ ಮಕ್ಕಳಿಗಾಗಿ ಪ್ರಾದೇಶಿಕ ಮೇಳಗಳನ್ನು ನಡೆಸಿವೆ. 1993ರಲ್ಲಿ ಮೊದಲಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಕ್ರಮ ನಮ್ಮಂಥ ಹೊರನಾಡಿಗರಿಗೆ ವಿಶೇಷವಾಗಿ ಒಪ್ಪುವಂಥದು. 10ರಿಂದ 17 ವರ್ಷದ ಮಕ್ಕಳು ತಮ್ಮ ಸುತ್ತಲಿನ ಒಂದು ಸಮಸ್ಯೆಯನ್ನೇ ಅಭ್ಯಾಸ ಮಾಡಬೇಕು; ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ವರದಿ ಬರೆಯುವುದಕ್ಕೂ ಅಲ್ಲಿ ಅವಕಾಶ ಇಟ್ಟಿದ್ದರು. ಕನ್ನಡ ಆ ಅನುಸೂಚಿಯಲ್ಲಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ವರ್ಷ ಮಕ್ಕಳನ್ನು ಮೇಳಕ್ಕೆ ಕಳಿಸುವ ಸಂಘದ ಬಂಧುಗಳಿಗೆ, ಏಟು ತಿಂದು ಕಲಿತವರೆಂಬ ಸಲುಗೆಯಿಂದ ನಾಲ್ಕು ಮಾತು.

ಮೊದಲನೆಯದಾಗಿ, ಚೀಟಿ ಬಂದ ಮೇಲೆ ವಿಷಯ ಹುಡುಕಬೇಡಿ. ಪ್ರಶ್ನೆ ಮಗುವಿನ ಬಾಯಿಂದ ಬಂದ ದಿನವೇ ಅದನ್ನು ಬರೆದಿಡಿ. ಅಡಿಗೆಮನೆ, ಬಾಲ್ಕನಿಯ ತುಳಸಿ, ಚಾಳಿನ ನಲ್ಲಿ, ಊರಿಗೆ ಹೋದಾಗಿನ ಹೊಲ, ಇಲ್ಲೆಲ್ಲ ಪ್ರಶ್ನೆಗಳು ಬೇಕಾದಷ್ಟಿವೆ. ಎರಡನೆಯದಾಗಿ, ಬದಲಿಸುವುದು ಒಂದನ್ನೇ. ಹೋಲಿಸಲು ಬದಲಿಸದ ಒಂದು ಪಾತ್ರೆ ಪಕ್ಕದಲ್ಲಿ ಇರಲಿ. ಒಂದೇ ಸಲ ಅಳೆದು ತೀರ್ಪು ಕೊಡಬಾರದು. ಮೂರನೆಯದಾಗಿ, ನೋಟುಬುಕ್ಕು ಶಾಯಿಯಲ್ಲಿರಲಿ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಬರೆಯಲಿ, ಹರಿದುಹಾಕುವುದು ಬೇಡ. ಮಳೆ, ಜ್ವರ, ವಿದ್ಯುತ್ತು ಹೋದದ್ದು, ಬೆಕ್ಕು ಉರುಳಿಸಿದ್ದು ಎಲ್ಲವೂ ಅಂಚಿನಲ್ಲಿ ದಾಖಲಾಗಲಿ. ಜನರ ಮೇಲೋ ಪ್ರಾಣಿಗಳ ಮೇಲೋ ಮಾಡುವ ಪ್ರಯೋಗವಾದರೆ ಶಿಕ್ಷಕರ ಒಪ್ಪಿಗೆ ಇಲ್ಲದೆ ಆರಂಭಿಸಲೇಬಾರದು. ಇನ್ನು ಕೊನೆಯದು: ಮಗು ತನ್ನ ಕೆಲಸವನ್ನು ಮೊದಲು ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಲಿ. ಅಜ್ಜಿಗೆ ತಿಳಿಯುವಂತೆ ಹೇಳಬಲ್ಲ ಮಗು ನಿರ್ಣಾಯಕರ ಮುಂದೆ ತಡವರಿಸುವುದಿಲ್ಲ. ಬಾಯಿಪಾಠ ಮಾಡಿದ ಮಗು ಮೊದಲ ಅಡ್ಡಪ್ರಶ್ನೆಗೇ ನಿಂತುಬಿಡುತ್ತದೆ.

ಪಾಲಕರ ಕೆಲಸ ಏನೆಂದರೆ ಮಡಕೆ ಹೊರುವುದು, ಟಿಕೇಟು ತೆಗೆಸುವುದು, ಬಿಸಿ ನೀರು ಬೆಂಕಿಯ ಹತ್ತಿರ ಕಣ್ಣಿಡುವುದು. ಪೆನ್ಸಿಲ್ ಮಾತ್ರ ಮಗುವಿನ ಕೈಯಲ್ಲೇ ಇರಲಿ.

ಪ್ರಮಾಣಪತ್ರ ತಂದ ಸಂಜೆ ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅಜ್ಜಿ ಕೇಳಿ ಬಹಳ ಹೊತ್ತು ಯೋಚಿಸಿ, "ಹಂಗಾರ ಮಡಕೀದು ತಪ್ಪಿಲ್ಲ ಅನ್ನು. ಹವಾ ಹೆಂಗೋ ಅದೂ ಹಂಗ. ಸುಮ್ಮನ ಬೈದೆ ಪಾಪ" ಎಂದರು.

ಈಗ ಎರಡೂ ಹರವಿಗಳು ನಮ್ಮ ಅಡಿಗೆಮನೆಯಲ್ಲಿ ಇವೆ. ಗದಗಿನದು ಕಟ್ಟೆಯ ಮೇಲೆ, ಧಾರಾವಿಯದು ಕಿಟಕಿಯಲ್ಲಿ. ದಿನಾಲು ಸಂಜೆ 4 ಗಂಟೆಗೆ ಹುಡುಗಿ ಉಷ್ಣಮಾಪಕ ಹಿಡಿದು ನಿಲ್ಲುತ್ತಾಳೆ. ವಾರಕ್ಕೊಮ್ಮೆ ಅವುಗಳ ಜಾಗ ಅದಲುಬದಲು ಮಾಡುತ್ತಾಳೆ. ಅಂಕಿ ಏನು ಬಂತೆಂದು ನಾವು ಕೇಳುವುದಿಲ್ಲ. ಅಜ್ಜಿ ಮಾತ್ರ ಕಿಟಕಿಯದರಿಂದಲೇ ನೀರು ತುಂಬಿಕೊಳ್ಳುತ್ತಿದ್ದಾರೆ.