ಎದೆಹಾಲಿದ್ದರೂ ನಳಿಕೆ ಏಕೆ?

ಪ್ರಶ್ನೆ: ನನ್ನ ತಂಗಿಗೆ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು. ಎದೆಹಾಲು ಸಾಕಷ್ಟಿದೆ. ಆದರೂ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಗುವಿಗೆ ಮೂಗಿನ ನಳಿಕೆಯಿಂದ ಹಾಲು ಕೊಡುತ್ತಿದ್ದಾರೆ. ನೇರವಾಗಿ ಕುಡಿಸಬಾರದೇಕೆ?

ಉತ್ತರ: ಹಾಲು ಕುಡಿಯುವುದು ಕಂಡಷ್ಟು ಸುಲಭವಲ್ಲ. ಚೀಪಬೇಕು, ನುಂಗಬೇಕು, ನಡುನಡುವೆ ಉಸಿರಾಡಬೇಕು. ಗಂಟಲಲ್ಲಿ ಹಾಲಿಗೂ ಗಾಳಿಗೂ ದಾರಿ ಒಂದೇ. ರೈಲು ದಾಟುವಾಗ ಗೇಟು ಹಾಕಿದಂತೆ, ಹಾಲು ಇಳಿಯುವಾಗ ಶ್ವಾಸನಾಳ ಕ್ಷಣಕಾಲ ಮುಚ್ಚಿಕೊಳ್ಳಬೇಕು. ಈ ಗೇಟು ಕಾಯುವುದು ಮಿದುಳಿನ ಬುಡ. ಅದು ಪಳಗುವುದು ಗರ್ಭದ ಸುಮಾರು 34ನೇ ವಾರಕ್ಕೆ. ಅದಕ್ಕೂ ಮೊದಲು ಹುಟ್ಟಿದ ಕೂಸು ಚೀಪುತ್ತಾ ಉಸಿರನ್ನೇ ಮರೆತೀತು, ತುಟಿ ನೀಲಿಗಟ್ಟೀತು, ಇಲ್ಲವೇ ಹಾಲು ಶ್ವಾಸಕೋಶಕ್ಕೆ ಇಳಿದೀತು.

ಜೊತೆಗೆ, ಶ್ವಾಸಕೋಶದ ಗಾಳಿಚೀಲಗಳು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡು ಕಡಿಮೆಯಿದ್ದರೆ ಮಗು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರೆಳೆಯುತ್ತದೆ. ಆ ಏದುಸಿರಿನಲ್ಲಿ ನುಂಗಲು ಬಿಡುವೆಲ್ಲಿ? ನಳಿಕೆ ಈ ಗೋಜಿಲ್ಲದೆ ಹಾಲನ್ನು ಹೊಟ್ಟೆಗೇ ಮುಟ್ಟಿಸುತ್ತದೆ.

ನಿಮ್ಮ ತಂಗಿ ಹಾಲು ಹಿಂಡಿ ಕೊಡುತ್ತಿರಲಿ. ನಳಿಕೆಗೂ ಅದೇ ಶ್ರೇಷ್ಠ, ಹಾಲೂ ಬತ್ತದು. ವೈದ್ಯರು ಒಪ್ಪಿದ ಮೇಲೆ ಮಗುವನ್ನು ಬರಿಮೈಯಲ್ಲಿ ಎದೆಗವಚಿಕೊಂಡು ಕಾಂಗರೂ ಆರೈಕೆ ಮಾಡಬಹುದು. ಹಾಲು ಹಿಂಡಿದ ಮೊಲೆಯನ್ನು ಸುಮ್ಮನೆ ಚೀಪಿಸುವುದೂ ಒಂದು ತಾಲೀಮೇ. ಹಿರಿಯರು ಜೇನು ನೆಕ್ಕಿಸಲು ಬಂದರೆ ಮಾತ್ರ ಮುಲಾಜಿಲ್ಲದೆ ಬೇಡವೆನ್ನಿ.