ಕನ್ನಡ ಕೋಣೆಯ ಕಂಪ್ಯೂಟರ್ ಏಕೆ ಏಳಲಿಲ್ಲ?

ನಮ್ಮ ಶಾಲೆಯ ಕನ್ನಡ ಕೋಣೆಯಲ್ಲಿ 2008ರಲ್ಲಿ ಕೊಂಡ ಒಂದು ಕಂಪ್ಯೂಟರ್ ಇದೆ. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ. ಮೈಕ್ರೋಸಾಫ್ಟ್ 2014ರಲ್ಲೇ ಅದರ ಬೆಂಬಲ ನಿಲ್ಲಿಸಿದ್ದರಿಂದ ನಾವು ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಆದರೆ ಹಳೆಯ ವಾರ್ಷಿಕೋತ್ಸವಗಳ ನಾಟಕಗಳೆಲ್ಲ 'ಬರಹ'ದಲ್ಲಿ ಟೈಪಾಗಿ ಅದರಲ್ಲೇ ಕುಳಿತಿವೆ, ಬೇರೆಲ್ಲೂ ಪ್ರತಿ ಇಲ್ಲ!

ಬೇಸಿಗೆ ರಜೆ ಮುಗಿಸಿ ಊರಿನಿಂದ ಬಂದು ಸ್ವಿಚ್ ಹಾಕಿದೆವು. ವಿಂಡೋಸ್ ಚಿಹ್ನೆ ಒಂದು ಕ್ಷಣ ಕಾಣಿಸಿತು, ಆಮೇಲೆ ನೀಲಿ ಪರದೆ. ಅದರ ಮೇಲಿನ ಸಂಕೇತ 7ಬಿ ಎಂದು ಮುಗಿಯುತ್ತಿತ್ತು. "ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ" ಎಂದರು ನೋಡಿದವರೆಲ್ಲ. ಮಾಡಿದ್ದರೆ ನಾಟಕಗಳೂ ಅಳಿಸಿಹೋಗುತ್ತಿದ್ದವು.

ಕಂಪ್ಯೂಟರ್ ಏಳುವುದು ಹಂತ ಹಂತವಾಗಿ. ಮೊದಲು ಮದರ್‌ಬೋರ್ಡಿನ ಬಯೋಸ್ ಎಚ್ಚರವಾಗಿ ಮೆಮೊರಿ, ಕೀಲಿಮಣೆಗಳನ್ನು ಪರೀಕ್ಷಿಸುತ್ತದೆ. ನಂತರ ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿಂದ ವಿಂಡೋಸನ್ನು ಕರೆಯುತ್ತದೆ. ಸ್ವಲ್ಪ ಹೊತ್ತಿಗೆ ವಿಂಡೋಸ್ ತನ್ನದೇ ಡ್ರೈವರ್ ಮೂಲಕ ಡಿಸ್ಕಿನೊಡನೆ ಮಾತಾಡಬೇಕು. 7ಬಿ ಎಂದರೆ ಆ ಮಾತು ನಿಂತಿದೆ ಎಂದರ್ಥ. ಚಿಹ್ನೆ ಕಾಣಿಸಿತಲ್ಲ, ಅಂದರೆ ಬಯೋಸ್ ಡಿಸ್ಕನ್ನು ಓದಿದೆ. ಡಿಸ್ಕ್ ಪೂರ್ತಿ ಸತ್ತಿಲ್ಲ. (ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ಕೂಡಲೇ ಆರಿಸಿ, ಬಲ್ಲವರಿಗೆ ಕೊಡಿ.)

ಇನ್ನೊಂದು ಸುಳಿವನ್ನು ನಾವೇ ಎರಡು ದಿನ ಗಮನಿಸಿರಲಿಲ್ಲ. ಬಯೋಸಿನಲ್ಲಿ ಇಸವಿ 2008 ಎಂದಿತ್ತು! ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ, ಸಿಆರ್ 2032 ಎಂದು ಕೇಳಿದರೆ ಕೊಡುತ್ತಾರೆ. ರಜೆಯಲ್ಲಿ ಪ್ಲಗ್ ಕಿತ್ತಿಟ್ಟಾಗ ಗಡಿಯಾರವನ್ನೂ ಬಯೋಸಿನ ಆಯ್ಕೆಗಳನ್ನೂ ಕಾಯುವುದು ಇದೇ. ಅದು ಮುಗಿದಾಗ ಆಯ್ಕೆಗಳೆಲ್ಲ ಕಾರ್ಖಾನೆಯಿಂದ ಬಂದಂತೆ ಆಗಿಬಿಟ್ಟಿದ್ದವು. ಡಿಸ್ಕಿನ ವಿಧಾನ 'ಐಡಿಇ'ಯಿಂದ 'ಎಎಚ್‌ಸಿಐ'ಗೆ ಹೋಗಿತ್ತು. 2001ರ ಎಕ್ಸ್‌ಪಿಗೆ ಎಎಚ್‌ಸಿಐ ತಾನಾಗಿ ಬರುವುದಿಲ್ಲ, ಪಾಪ!

ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ (ಮೈಯಲ್ಲಿರುವ ಸ್ಥಾಯಿ ವಿದ್ಯುತ್ ಇಳಿಯಲೆಂದು), ಬ್ಯಾಟರಿ ಬದಲಿಸಿದೆವು. ಸ್ವಿಚ್ ಹಾಕಿದೊಡನೆ ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋಗಿ, ದಿನಾಂಕ ಸರಿಪಡಿಸಿ, ಮತ್ತೆ ಐಡಿಇ ಆರಿಸಿದೆವು. ಕೆಲವು ಕಂಪ್ಯೂಟರುಗಳಲ್ಲಿ ಆ ಕೀ ಎಫ್2 ಇರುತ್ತದೆ.

ಎಕ್ಸ್‌ಪಿಯ ಹಸಿರು ಗುಡ್ಡ ಕಾಣಿಸಿದಾಗ ಕನ್ನಡ ಮೇಡಂ ಚಪ್ಪಾಳೆಯನ್ನೇ ತಟ್ಟಿದರು. ನಾಟಕಗಳು ಈಗ ಎರಡು ಪೆನ್ ಡ್ರೈವಿನಲ್ಲಿವೆ, ಒಂದು ಮೇಡಂ ಬಳಿ, ಇನ್ನೊಂದು ಶಾಲೆಯ ಕಪಾಟಿನಲ್ಲಿ. ಬ್ಯಾಟರಿ ಹಾಕಿದ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಬರೆದು ಅಂಟಿಸಿದ್ದೇವೆ.