ಚುಕ್ಕೆಗಳಿರುವ ನೋಟ್‌ಬುಕ್

ಮುಂಬಯಿಯ ಫೋರ್ಟ್‌ನಲ್ಲಿ, ಸ್ಟರ್ಲಿಂಗ್ ಥಿಯೇಟರಿನ ಹತ್ತಿರ, ಫ್ರೀಮೇಸನ್ಸ್ ಹಾಲ್ ಎಂಬ ಹಳೆಯ ಕಟ್ಟಡವಿದೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಅದರ ಮುಂದೆ ಎಷ್ಟು ಸಲ ನಡೆದಿದ್ದೇನೋ. ಒಳಗೆ ತಲೆಬುರುಡೆ ಇಟ್ಟು ಪೂಜೆ ಮಾಡುತ್ತಾರೆ ಎಂದು ನಮ್ಮ ಹೋಟೆಲಿನ ಭಟ್ಟರು ಹೆದರಿಸುತ್ತಿದ್ದರು. ಉತ್ತರ ಭಾರತದಲ್ಲಿ ಇಂಥ ಕಟ್ಟಡಗಳಿಗೆ ಜನ ಜಾದೂಘರ್ ಎಂದೇ ಕರೆಯುತ್ತಿದ್ದರಂತೆ. ಮೂವತ್ತು ವರ್ಷಗಳ ಮೇಲೆ ಅದೇ ಬಾಗಿಲಲ್ಲಿ ನಾನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಿಂತೆ.

ಹೋದದ್ದು ಯಾಕೆ ಎಂದು ನೇರವಾಗಿ ಹೇಳಿಬಿಡುತ್ತೇನೆ. ನನ್ನದು ಎಲೆಕ್ಟ್ರಿಕಲ್ ಕಂಟ್ರಾಕ್ಟು. ಲಾಡ್ಜಿನಲ್ಲಿ ದೊಡ್ಡ ದೊಡ್ಡವರಿದ್ದಾರೆ, ಪರಿಚಯವಾದರೆ ಕೆಲಸ ಸಿಗುತ್ತದೆ ಎಂಬ ಲೆಕ್ಕ. ಇಬ್ಬರು ಸದಸ್ಯರು ನನ್ನ ಹೆಸರು ಸೂಚಿಸಿದರು. ಆಮೇಲೆ ಗುಪ್ತ ಮತದಾನ. ಅಲ್ಲಿ ಕಪ್ಪು ಗುಂಡು ಬಿದ್ದರೆ ಹೊರಗೇ ಉಳಿಯಬೇಕು. ನನಗೆ ಬೀಳಲಿಲ್ಲ.

ದೀಕ್ಷೆಯ ದಿನ ವಾಚು, ಉಂಗುರ, ಚಿಲ್ಲರೆ, ಮೈಮೇಲಿನ ಲೋಹವನ್ನೆಲ್ಲ ತೆಗೆಸಿದರು. ಎಡ ಎದೆ ಬರಿದು, ಕೊರಳಲ್ಲಿ ಹಗ್ಗದ ಕುಣಿಕೆ. ಆ ಕತ್ತಲಲ್ಲಿ ಒಂದು ಪ್ರಶ್ನೆ ಬರುತ್ತದೆ: ಲಾಭದ ಆಸೆಯಿಂದ ಬಂದದ್ದಲ್ಲ ತಾನೇ? ಅಲ್ಲ ಎಂದೆ. ಗೌರವದ ಮೇಲೆ ಆಣೆಯಿಟ್ಟ ಹಾಗೆ ಹೇಳಿದ ಆ ಮಾತು ಹಸಿ ಸುಳ್ಳು.

ಸ್ವಲ್ಪ ಹೊತ್ತಿಗೆ ಪಟ್ಟಿ ಬಿಚ್ಚಿ, ಕೋಣೆಯ ಈಶಾನ್ಯ ಮೂಲೆಯಲ್ಲಿ ನಿಲ್ಲಿಸಿ, ಬಡವರಿಗೆ ಏನಾದರೂ ಕೊಡು ಎಂದರು. ಅಭ್ಯಾಸದಿಂದ ಕೈ ಕಿಸೆಗೆ ಹೋಯಿತು. ಒಂದು ಪೈಸೆಯಿಲ್ಲ. ಸುತ್ತ ಕೂತವರೆಲ್ಲ ನೋಡುತ್ತಿದ್ದಾರೆ. ಇದು ಎಲ್ಲರಿಗೂ ಮಾಡುವ ಪರೀಕ್ಷೆ, ಬರಿಗೈಯಲ್ಲಿ ಇರುವವನನ್ನು ಮುಂದೆ ಕಂಡಾಗ ಈ ಗಳಿಗೆ ನೆನಪಾಗಲಿ ಎಂಬುದು ಅದರ ಉದ್ದೇಶ ಎಂದು ಆಮೇಲೆ ತಿಳಿಸಿದರು. ನನಗೆ ಮಾತ್ರ ಬೋರಿಬಂದರದಲ್ಲಿ ಇಳಿದ ದಿನವೇ ಕಣ್ಣ ಮುಂದೆ ಬಂತು. ಬೆವತುಹೋಗಿದ್ದೆ.

1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಆಯಿತು. 1730ರ ಸುಮಾರಿಗೇ ಕಲ್ಕತ್ತೆಗೆ ಬಂತು. ಮೊದಲಿಗೆ ಬಿಳಿಯರದ್ದೇ ಕೂಟ. ಮುಂಬಯಿಯ ಮಾಣಕ್‌ಜೀ ಕರ್ಸೆಟ್‌ಜೀ ಎಂಬ ಪಾರಸಿಗೆ ಇಲ್ಲಿ ಬಾಗಿಲು ತೆರೆಯದೆ ಅವರು ಪ್ಯಾರಿಸ್ಸಿಗೆ ಹೋಗಿ ದೀಕ್ಷೆ ಪಡೆದು ಬಂದರು. 1843ರಲ್ಲಿ ಭಾರತೀಯರನ್ನೂ ಸೇರಿಸಿಕೊಳ್ಳಲೆಂದು ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಲಾಡ್ಜ್ ಇಲ್ಲೇ ಹುಟ್ಟಿತು. ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆದದ್ದು 1961ರಲ್ಲಿ. ಈಗ ಪೀಠದ ಮೇಲೆ ಗೀತೆ, ಕುರಾನು, ಬೈಬಲ್, ಗುರು ಗ್ರಂಥ, ಅವೆಸ್ತಾ ಇರುತ್ತವೆ; ಅವರವರ ಗ್ರಂಥ ಮುಟ್ಟಿ ಅವರವರ ಪ್ರಮಾಣ. ಹೆಂಗಸರಿಗೆ ಮಾತ್ರ ಇಂದಿಗೂ ಪ್ರವೇಶವಿಲ್ಲ.

ಮೆಟ್ಟಿಲು ಮೂರು. ಅಪ್ರೆಂಟಿಸ್, ಫೆಲೋ ಕ್ರಾಫ್ಟ್, ಮಾಸ್ಟರ್ ಮೇಸನ್. ಬಿಳಿ ಕುರಿಚರ್ಮದ ಏಪ್ರನ್ನಿನ ಮೇಲೆ ಎರಡನೆಯದಕ್ಕೆ ಎರಡು ಹೂ, ಮೂರನೆಯದಕ್ಕೆ ಮೂರು. ಸುತ್ತಿಗೆ, ಅಳತೆಗೋಲು, ಮಟ್ಟಗೋಲು, ಕೈವಾರ, ಎಲ್ಲ ಕಲ್ಲುಕುಟಿಗರ ಸಲಕರಣೆ. ಮೂರನೆಯ ಮೆಟ್ಟಿಲಲ್ಲಿ ತಲೆಬುರುಡೆಯೂ ಬರುತ್ತದೆ, ಪೂಜೆಗಲ್ಲ, ಸಾವನ್ನು ನೆನಪಿಸಲಿಕ್ಕೆ. ಭಟ್ಟರು ಅರ್ಧ ಸರಿ.

ಆದರೆ ಮೇಲೇರುವುದು ದುಡ್ಡಿನಿಂದಲ್ಲ, ಬಾಯಿಪಾಠದಿಂದ. ಪ್ರತಿ ಮೆಟ್ಟಿಲಿಗೂ ಮುಂಚೆ ತುಂಬಿದ ಸಭೆಯಲ್ಲಿ ಪ್ರಶ್ನೆಗಳಿಗೆ ಪುಸ್ತಕ ನೋಡದೆ ಉತ್ತರಿಸಬೇಕು. ಎಲ್ಲವೂ ಹಳೇ ಕಾಲದ ಇಂಗ್ಲಿಷು. ಉಳಿದವರು ಕಾನ್ವೆಂಟಿನವರು. ನಾನು ಇನ್ನೂರು ಪುಟದ ನೋಟ್‌ಬುಕ್ ತಂದು ಇಡೀ ಪಾಠವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ಮುದ್ರಿತ ಪುಸ್ತಕದಲ್ಲೂ ಗುಪ್ತಪದಗಳ ಜಾಗದಲ್ಲಿ ಚುಕ್ಕೆಗಳೇ ಇರುತ್ತವೆ. ನನ್ನದರಲ್ಲೂ ಚುಕ್ಕೆಯನ್ನೇ ಇಟ್ಟೆ. ಒಮ್ಮೆ ಅದನ್ನು ತಿರುವಿ ನೋಡಿದ ಹಿರಿಯ ಸದಸ್ಯರೊಬ್ಬರು, ಇದಕ್ಕಿಂತ ಗಟ್ಟಿ ಗುಪ್ತಲಿಪಿ ಲಾಡ್ಜಿನಲ್ಲೇ ಇಲ್ಲ ಎಂದು ನಕ್ಕರು.

ಓದಬಲ್ಲವಳು ಒಬ್ಬಳೇ, ಮನೆಯಲ್ಲಿದ್ದಳು. ರಾತ್ರಿ ಊಟವಾದ ಮೇಲೆ ನನ್ನ ಹೆಂಡತಿ ನೋಟ್‌ಬುಕ್ ಹಿಡಿದು ಕೂರುತ್ತಾಳೆ, ನಾನು ಒಪ್ಪಿಸುತ್ತೇನೆ. ಅವಳ ಅಪ್ಪ ಯಕ್ಷಗಾನದ ಅರ್ಥಧಾರಿ. 'ನಿಮ್ಮದೆಂಥದ್ದು, ಒಂದು ಮಾತು ಆಚೀಚೆ ಮಾಡುವ ಹಾಗಿಲ್ಲ' ಎನ್ನುತ್ತಾಳೆ. ಚುಕ್ಕೆ ಬಂದಲ್ಲಿ ಅವಳು ಸುಮ್ಮನೆ ಮುಂದಿನ ಸಾಲಿಗೆ ಹೋಗುತ್ತಾಳೆ. ಹನ್ನೊಂದು ವರ್ಷದಲ್ಲಿ ಅಲ್ಲೇನಿದೆ ಎಂದು ಒಮ್ಮೆಯೂ ಕೇಳಿಲ್ಲ.

ಮೂರು ಮೆಟ್ಟಿಲಾದ ಮೇಲೆ ಹುದ್ದೆಗಳ ಸಾಲು: ಇನ್ನರ್ ಗಾರ್ಡ್, ಜೂನಿಯರ್ ಡೀಕನ್, ಸೀನಿಯರ್ ಡೀಕನ್, ಜೂನಿಯರ್ ವಾರ್ಡನ್. ವರ್ಷಕ್ಕೊಂದು ಎಂಬುದು ವಾಡಿಕೆ. ಅಂಗಡಿ, ಮಗಳ ಮದುವೆ, ಕೊರೋನಾ ಎಂದು ನನ್ನದು ಎಳೆಯಿತು. ಕಂಟ್ರಾಕ್ಟು? ಒಂದೂ ಬರಲಿಲ್ಲ. ಮೊದಲೆರಡು ವರ್ಷ ಕಾದೆ, ಮೂರನೆಯ ವರ್ಷ ಕೇಳುವುದಕ್ಕೇ ನಾಚಿಕೆಯಾಯಿತು. ಜೂನಿಯರ್ ಡೀಕನ್ ಆಗಿದ್ದಾಗ ಹೊಸಬರ ಬಲಗೈ ಹಿಡಿದು ಕತ್ತಲಲ್ಲಿ ನಡೆಸುವ ಕೆಲಸ ನನ್ನದು. ಒಬ್ಬ ಹುಡುಗ ಆ ಪ್ರಶ್ನೆಗೆ ಅಲ್ಲ ಎಂದು ತೀರಾ ಬೇಗ ಹೇಳಿದ. ಅವನ ಅಂಗೈ ಒದ್ದೆಯಾಗಿತ್ತು. ನಾನು ಮೆಲ್ಲನೆ ಒತ್ತಿ ಬಿಟ್ಟೆ.

ಈಗ ಸೀನಿಯರ್ ವಾರ್ಡನ್. ಬರುವ ವರ್ಷ ಆಯ್ಕೆಯಾದರೆ ಪೂರ್ವದ ಪೀಠದಲ್ಲಿ ಮಾಸ್ಟರ್ ಆಗಿ ಕೂರಬೇಕು. ಹೊಸಬರಿಗೆ ಆ ಪ್ರಶ್ನೆ ಕೇಳುವುದು ಮಾಸ್ಟರನೇ. ನೋಟ್‌ಬುಕ್ಕಿನಲ್ಲಿ ಅದು ಹದಿನಾಲ್ಕನೆಯ ಪುಟದಲ್ಲಿದೆ, ಎರಡು ಸಾಲು ಅಷ್ಟೇ, ಚುಕ್ಕೆಯೂ ಇಲ್ಲ. ಮೊನ್ನೆ ರಾತ್ರಿ ಒಪ್ಪಿಸುವಾಗ ಅಲ್ಲೇ ಮೂರು ಸಲ ತಡವರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದಳು.

'ಇಷ್ಟುದ್ದ ಭಾಷಣ ನೀರು ಕುಡಿದ ಹಾಗೆ ಹೇಳ್ತೀರಿ. ಇಲ್ಲಿ ಮಾತ್ರ ಯಾಕೆ?'